ಮಾನವಶಾಸ್ತ್ರ ನಮ್ಮ ಮನೆಬಾಗಿಲಿಗೆ ಯಾಕೆ ಬರಲಿಲ್ಲ?

[ಹಿನ್ನೆಲೆ: ಉಡುಪಿಯ ರಥಬೀದಿ, ಸಂಜೆ]

ನಮಸ್ಕಾರ. ಉಡುಪಿಯ ವಿದ್ಯಾರ್ಥಿನಿಯೊಬ್ಬರು ಕೇಳಿದ್ದಾರೆ: "ಭೂತಕೋಲ ನೋಡಲು ನಮ್ಮೂರಿನವರು ಇಡೀ ರಾತ್ರಿ ನಿದ್ದೆಗೆಡುತ್ತಾರೆ. ಮಾನವಶಾಸ್ತ್ರ ಓದುತ್ತೇನೆಂದರೆ ಮಾತ್ರ ಅದರಲ್ಲೇನಿದೆ ಎನ್ನುತ್ತಾರೆ. ಯಾಕೆ?"

ಜನರ ನಡುವೆಯೇ ಬದುಕಿ ಅವರ ಬದುಕನ್ನು ಅರಿಯುವ ವಿದ್ಯೆ ಮಾನವಶಾಸ್ತ್ರ. ವ್ಯಾಖ್ಯೆ ಇಷ್ಟು ಸಾಕು, ನೇರವಾಗಿ ಪಪುವಾ ನ್ಯೂಗಿನಿಯ ಟ್ರೋಬ್ರಿಯಾಂಡ್ ದ್ವೀಪಗಳಿಗೆ ಹೋಗೋಣ.

[ನಕ್ಷೆ]

1915ರಿಂದ 1918ರ ನಡುವೆ ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಾಲಿನೋವ್ಸ್ಕಿ ಅಲ್ಲಿ ಎರಡು ಬಾರಿ ಬಿಡಾರ ಹೂಡಿದ್ದರು. ಕೊಯ್ಲಿನ ಹೊತ್ತಿಗೆ ಗಂಡಸರು ಗೆಣಸಿನ ಜಾತಿಯ ಗೆಡ್ಡೆಗಳನ್ನು ಅಗೆದು, ಮಣ್ಣು ಕೆರೆದು ಶುಚಿಮಾಡಿ, ಬಂದವರೆಲ್ಲ ನೋಡಲೆಂದು ತೋಟದಲ್ಲೇ ರಾಶಿ ಹಾಕುತ್ತಿದ್ದರು. ಅದರಲ್ಲಿ ಒಳ್ಳೆಯದೆಲ್ಲ ಹೋಗುತ್ತಿದ್ದದ್ದು ಅಕ್ಕತಂಗಿಯರ ಗಂಡನ ಮನೆಗೆ! ಅಲ್ಲಿನ ಕಣಜದ ದಿಮ್ಮಿಗಳ ನಡುವೆ ಬೇಕೆಂದೇ ಸಂದು ಬಿಟ್ಟಿರುತ್ತಿದ್ದರು, ಒಳಗಿನ ಗೆಡ್ಡೆಗಳು ಊರಿಗೆಲ್ಲ ಕಾಣಬೇಕಲ್ಲ. ಮಕ್ಕಳು ತಾಯಿಯ ಕುಲದವರು. ಆಸ್ತಿ, ಅಧಿಕಾರ ಸೋದರಳಿಯನ ಪಾಲು.

ಮುಂದಿನದನ್ನು ತುಳುನಾಡಿನವರಿಗೆ ಹೇಳಬೇಕೇ? ಅಳಿಯಸಂತಾನ! ಆಸ್ತಿ ಸೋದರಮಾವನಿಂದ ಅಳಿಯನಿಗೆ ಹೋಗುವ ನಮ್ಮ ಹಳೆಯ ಪದ್ಧತಿ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದು ಆಸ್ತಿಯ ಲೆಕ್ಕ ಬದಲಾಯಿತು. ಆದರೂ ಬಂಟರಲ್ಲಿ, ಬಿಲ್ಲವರಲ್ಲಿ 'ಬರಿ', ಅಂದರೆ ಕುಲದ ಹೆಸರು, ಇಂದಿಗೂ ತಾಯಿಯಿಂದಲೇ ಬರುತ್ತದೆ. ಸಂಬಂಧ ಕುದುರಿಸುವಾಗ ಬರಿ ಯಾವುದೆಂದು ಕೇಳುವ ನಮ್ಮ ಅಜ್ಜಿಯಂದಿರಿಗೆ ಮಾಲಿನೋವ್ಸ್ಕಿಯ ದ್ವೀಪ ಒಂದಿಷ್ಟೂ ವಿಚಿತ್ರವೆನಿಸುತ್ತಿರಲಿಲ್ಲ.

ಹಾಗಾದರೆ ಆಸಕ್ತಿಗೇನೂ ಬರವಿಲ್ಲ. ನನ್ನ ಪ್ರಕಾರ ಕೊರತೆ ಇರುವುದು ಬೇರೆ ಕಡೆ: ನಮ್ಮ ಬಗ್ಗೆ ಬರೆದರು, ನಮಗೆ ಓದಲು ಕೊಡಲಿಲ್ಲ. ಉಜಿರೆ ಬಳಿಯ ಮಾಚಾರಿನ ಕೃಷಿಕ ಗೋಪಾಲ ನಾಯ್ಕರು ಹಾಡಿದ ತುಳು ಮೌಖಿಕ ಮಹಾಕಾವ್ಯ 'ಸಿರಿ'ಯನ್ನು 1990ರಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರ ತಂಡ ದಾಖಲಿಸಿತು. ನಮ್ಮ ಜಾನಪದ ವಿದ್ವಾಂಸರಾದ ವಿವೇಕ ರೈ, ಚಿನ್ನಪ್ಪ ಗೌಡರೂ ಆ ತಂಡದಲ್ಲಿದ್ದರು. ಒಟ್ಟು 15,683 ಸಾಲು! 1998ರಲ್ಲಿ ಅದು ಪ್ರಕಟವಾದದ್ದು ಹೆಲ್ಸಿಂಕಿಯಲ್ಲಿ, ಇಂಗ್ಲಿಷ್ ಅನುವಾದದೊಂದಿಗೆ. ಅದ್ಭುತ ಕೆಲಸ, ಅನುಮಾನವಿಲ್ಲ. ಆದರೆ ಮಂಗಳೂರಿನ ಓದುಗರ ಕೈಗೆ ಅದು ಎಷ್ಟು ಸುಲಭವಾಗಿ ಸಿಕ್ಕೀತು?

ಸಮಯ ಮೀರುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಬ್ರಿಟಿಷ್ ಆಡಳಿತದಲ್ಲಿ ಮದ್ರಾಸ್ ವಸ್ತುಸಂಗ್ರಹಾಲಯದ ಮುಖ್ಯಸ್ಥರಾಗಿದ್ದ ಎಡ್ಗರ್ ಥರ್ಸ್ಟನ್ ಕಾಲದಲ್ಲಿ ಜನರ ತಲೆ, ಮೂಗು ಅಳೆದು ಜಾತಿಗಳನ್ನು ಪಟ್ಟಿಮಾಡಿದ ಕಹಿ ಈ ಶಾಸ್ತ್ರಕ್ಕೆ ಅಂಟಿಕೊಂಡಿದೆ. ಓದಿದರೆ ಯಾವ ಕೆಲಸ ಸಿಗುತ್ತದೆ ಎಂಬುದಕ್ಕೆ ಎಂಜಿನಿಯರಿಂಗಿಗಿರುವಂಥ ಸಿದ್ಧ ಉತ್ತರ ಇಲ್ಲಿಲ್ಲ. ಜನರಿಗೆ ತಿಳಿಯುವಂತೆ ಬರೆದವರೂ ಇದ್ದಾರೆ. ಅಮೆರಿಕದ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ಮಹಿಳೆಯರ ಪತ್ರಿಕೆಯಲ್ಲಿ ವರ್ಷಗಟ್ಟಲೆ ಅಂಕಣ ಬರೆದರು. ಕನ್ನಡದಲ್ಲೂ ತುಳುವಿನಲ್ಲೂ ಅಂಥ ಅಂಕಣ ವಾರವಾರ ಬರಬೇಕು.

ಸಿರಿ ಜಾತ್ರೆಯ ಬಗ್ಗೆ ಮುಂದಿನ ವಿಡಿಯೋದಲ್ಲಿ ಮಾತನಾಡೋಣ. ಅಷ್ಟರಲ್ಲಿ ನಿಮ್ಮ ಬರಿ ಯಾವುದು, ಯಾವ ಬರಿಯೊಂದಿಗೆ ಸಂಬಂಧ ಕೂಡದು ಎಂದು ಮನೆಯ ಹಿರಿಯರನ್ನು ಕೇಳಿ, ಕೆಳಗೆ ಬರೆಯಿರಿ.