ಜಾಗದ ಕಾಗದ ಮೊದಲು, ಅರ್ಜಿ ಆಮೇಲೆ

ಅಧ್ಯಕ್ಷರೇ, ವೇದಿಕೆಯಲ್ಲಿರುವ ಹಿರಿಯರೇ, ಕೇರಳದ ಈ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಕ್ಲಬ್ಬುಗಳಿಂದ ಬಂದಿರುವ ಬಂಧುಗಳೇ,

ಮುಂದಿನ ವರ್ಷದ ಯೋಜನೆಗೆ ಗ್ರಾಮಸಭೆ ಸೇರುವ ಹೊತ್ತು ಹತ್ತಿರ ಬಂದಿದೆ. ಅದಕ್ಕಾಗಿಯೇ ಕ್ರೀಡಾ ಅನುದಾನದ ಬಗ್ಗೆ ಇವತ್ತೇ ಮಾತಾಡಬೇಕೆಂದು ಸಂಘಟಕರು ಪಟ್ಟು ಹಿಡಿದದ್ದು. ನಮ್ಮಲ್ಲಿ ಆಟಗಾರರಿಗೆ ಬರವಿಲ್ಲ. ಮೊಗ್ರಾಲ್, ತೃಕ್ಕರಿಪುರದ ಫುಟ್‌ಬಾಲು, ನಮ್ಮ ಕಡೆಯ ಕಬಡ್ಡಿ, ವಾಲಿಬಾಲು, ಹಗ್ಗಜಗ್ಗಾಟ ಯಾವುದನ್ನೂ ಈ ಸಭೆಗೆ ಪರಿಚಯಿಸಬೇಕಾಗಿಲ್ಲ. ರಶೀದಿ ಪುಸ್ತಕ ಹಿಡಿದು ಮನೆಮನೆ ತಿರುಗಿ, ಲಕ್ಕಿ ಕೂಪನ್ ಮಾರಿ, ಒಂದು ರಾತ್ರಿಯ ಪಂದ್ಯಾಟಕ್ಕೆ ಲಕ್ಷಗಟ್ಟಲೆ ಒಟ್ಟು ಮಾಡುವ ತಾಕತ್ತು ನಮ್ಮ ಹುಡುಗರಿಗೆ ಇದೆ. ಆದರೆ ಬೆಳಗಾದರೆ ಆ ಮೈದಾನ ಮತ್ತೆ ಯಾರದೋ ಗದ್ದೆ, ಯಾವುದೋ ಶಾಲೆಯ ಅಂಗಳ. ಸ್ವಂತ ಅಂಕಣ ಬೇಕೆಂದರೆ ಸರಕಾರದ ಹಣ ಬೇಕು. ಆ ಹಣ ಸಿಗದೆ ಹೋಗುವುದು ಅರ್ಜಿಯ ಭಾಷೆ ಸರಿಯಿಲ್ಲದ್ದಕ್ಕಲ್ಲ, ಶಿಫಾರಸು ಸಾಲದ್ದಕ್ಕೂ ಅಲ್ಲ. ಹೆಚ್ಚಿನ ಕಡತಗಳು ನಿಲ್ಲುವುದು ಜಾಗದ ಕಾಗದದಲ್ಲಿ. ಇವತ್ತು ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಬೇಡಿ.

ಒಂದು ಕ್ಲಬ್ಬನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಹೆಸರು ಬೇಡ, ಎಲ್ಲ ಊರಲ್ಲೂ ಇರುವಂಥದ್ದು. ಇಪ್ಪತ್ತು ಸೆಂಟ್ಸ್ ಜಾಗ, ಊರಿನ ಹಿರಿಯರೊಬ್ಬರು ‘ಆಡಿಕೊಳ್ಳಿ ಮಕ್ಕಳೇ’ ಎಂದು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟದ್ದು. ಮೂವತ್ತು ವರ್ಷದಿಂದ ಅಲ್ಲಿ ವಾಲಿಬಾಲ್ ಆಡುತ್ತಿದ್ದಾರೆ. ವಾರ್ಡು ಮೆಂಬರು ಗ್ರಾಮಸಭೆಯಲ್ಲಿ ವಿಷಯ ತಂದರು, ಎಲ್ಲರೂ ಕೈ ಎತ್ತಿದರು. ವರ್ಕಿಂಗ್ ಗ್ರೂಪಿನಲ್ಲಿ ಬಂತು, ಅಭಿವೃದ್ಧಿ ಸೆಮಿನಾರಿನಲ್ಲಿ ಬಂತು, ಪಂಚಾಯತು ಸಮಿತಿ ಒಪ್ಪಿತು, ಜಿಲ್ಲಾ ಯೋಜನಾ ಸಮಿತಿಯ ಮಂಜೂರಾತಿಯೂ ಆಯಿತು. ಊರಲ್ಲಿ ಫ್ಲೆಕ್ಸ್ ಏರಿತು. ಆಮೇಲೆ ಎಸ್ಟಿಮೇಟು ಮಾಡಲು ಅಸಿಸ್ಟೆಂಟ್ ಇಂಜಿನಿಯರ್ ಬಂದರು. ಅವರು ಮೊದಲು ಕೇಳುವುದು ಟೇಪು ಹಿಡಿಯಲು ಜನ ಅಲ್ಲ, ಭೂತೆರಿಗೆ ರಶೀದಿ. ರಶೀದಿ ಆ ಹಿರಿಯರ ಹೆಸರಲ್ಲಿದೆ. ಅವರು ತೀರಿಹೋಗಿ ವರ್ಷಗಳಾಗಿವೆ. ಐದು ಮಂದಿ ಮಕ್ಕಳು. ಇಬ್ಬರು ಊರಲ್ಲಿ, ಒಬ್ಬರು ಬೆಂಗಳೂರು, ಇಬ್ಬರು ಗಲ್ಫಿನಲ್ಲಿ. ಯಾರಿಗೂ ವಿರೋಧ ಇಲ್ಲ. ಆದರೆ ವಾರೀಸು ಪತ್ರ ಆಗಬೇಕು, ಖಾತೆ ಬದಲಾಗಬೇಕು, ದೂರದವರು ಅಧಿಕಾರಪತ್ರ ಕಳಿಸಬೇಕು. ಅಷ್ಟರಲ್ಲಿ ಆರು ತಿಂಗಳು ಕಳೆಯಿತು.

ಮುಗಿಯಲಿಲ್ಲ. ವಿಲೇಜ್ ಆಫೀಸಿನಲ್ಲಿ ಮೂಲ ತೆರಿಗೆ ದಾಖಲೆ, ಅಂದರೆ ಬಿಟಿಆರ್ ತೆಗೆದು ನೋಡಿದಾಗ ಆ ಸರ್ವೆ ನಂಬರಿಗೆ ‘ನಿಲಂ’, ಅಂದರೆ ಗದ್ದೆ, ಎಂದು ಬರೆದಿದೆ. ಒಂದು ಕಾಲದಲ್ಲಿ ಗದ್ದೆ. ಈಗ ಅಲ್ಲಿ ಭತ್ತದ ತೆನೆ ನೋಡಿದವರಿಲ್ಲ, ಆದರೆ ದಾಖಲೆಯಲ್ಲಿ ಗದ್ದೆಯೇ. 2008ರ ಭತ್ತದ ಗದ್ದೆ ಮತ್ತು ಜೌಗು ಪ್ರದೇಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಡಾಟಾ ಬ್ಯಾಂಕಿನಲ್ಲಿ, ಅಂದರೆ ಸಂರಕ್ಷಿತ ಗದ್ದೆಗಳ ಪಟ್ಟಿಯಲ್ಲಿ, ಇರುವ ಗದ್ದೆಗೆ ಮಣ್ಣು ತುಂಬುವಂತಿಲ್ಲ. ತಪ್ಪಾಗಿ ಸೇರಿದ್ದರೆ ತೆಗೆಸಲು ಫಾರಂ 5ರಲ್ಲಿ ಕಂದಾಯ ವಿಭಾಗಾಧಿಕಾರಿಗೆ, ಅಂದರೆ ಆರ್‌ಡಿಒಗೆ ಅರ್ಜಿ. ಕೃಷಿ ಅಧಿಕಾರಿಯ ವರದಿ ಬೇಕು, ಅಗತ್ಯ ಬಿದ್ದರೆ ಹಳೆಯ ಉಪಗ್ರಹ ಚಿತ್ರದ ವರದಿಯೂ ಬೇಕು. ಡಾಟಾ ಬ್ಯಾಂಕಿನಲ್ಲಿ ಇಲ್ಲದೆ ಬರೀ ಬಿಟಿಆರ್‌ನಲ್ಲಿ ನಿಲಂ ಇದ್ದರೆ ಫಾರಂ 6. ಜಾಗ 50 ಸೆಂಟ್ಸ್ ಮೀರಿದರೆ ಫಾರಂ 7. ಇದು ಯಾವುದೂ ಮಾರ್ಚ್ 31ರೊಳಗೆ ಆಗುವ ಕೆಲಸವಲ್ಲ. ಮಂಜೂರಾದ ಹಣ ಹೋಗಿ ಬೇರೆ ವಾರ್ಡಿನ ರಸ್ತೆಗೆ ಬಿತ್ತು. ಊರವರು ಮೆಂಬರನ್ನು ಬೈದರು. ಬೈಯಬೇಕಾದ್ದು ಅವರನ್ನಲ್ಲ. ಗ್ರಾಮಸಭೆಗೆ ಹೋಗುವ ಮೊದಲು ತೆರಿಗೆ ರಶೀದಿ, ಕೈವಶ ಪ್ರಮಾಣಪತ್ರ, ಸ್ಕೆಚ್, ಬಿಟಿಆರ್ ನಕಲು ಈ ನಾಲ್ಕು ಕಾಗದ ಕೈಯಲ್ಲಿದ್ದಿದ್ದರೆ ಆ ಹಣ ಊರಲ್ಲೇ ಉಳಿಯುತ್ತಿತ್ತು.

ಇದರಲ್ಲಿ ಇನ್ನೊಂದು ಗಂಟು ಇದೆ. ಅದನ್ನು ಬಿಡಿಸದೆ ಮುಂದೆ ಹೋಗಲು ಸಾಧ್ಯವಿಲ್ಲ. ಪಂಚಾಯತಿನ ಯೋಜನಾ ನಿಧಿಯಾಗಲಿ, ಶಾಸಕರ ಆಸ್ತಿ ಅಭಿವೃದ್ಧಿ ನಿಧಿಯಾಗಲಿ, ಖಾಸಗಿ ಜಾಗದಲ್ಲಿ ಸಾರ್ವಜನಿಕ ಹಣ ಸುರಿಯಲು ಬರುವುದಿಲ್ಲ. ಜಾಗ ಪಂಚಾಯತು ಕಾರ್ಯದರ್ಶಿಯ ಹೆಸರಿಗೆ ಬರೆದುಕೊಡಬೇಕು. ಇಲ್ಲಿ ಕ್ಲಬ್ಬಿನವರು ಹಿಂದೆ ಸರಿಯುತ್ತಾರೆ. ‘ನಾವು ಬೆವರು ಸುರಿಸಿ ಉಳಿಸಿಕೊಂಡ ಜಾಗ, ನಾಳೆ ಅಲ್ಲಿ ತ್ಯಾಜ್ಯ ಸಂಗ್ರಹದ ಶೆಡ್ಡು ಕಟ್ಟಿದರೆ?’ ನ್ಯಾಯವಾದ ಭಯ. ಇದಕ್ಕೆ ದಾರಿ ಜಾಗ ಕೊಡದೆ ಕೂರುವುದಲ್ಲ. ಬರೆದುಕೊಡುವ ಪತ್ರದಲ್ಲೇ ‘ಆಟದ ಮೈದಾನಕ್ಕಾಗಿ ಮಾತ್ರ’ ಎಂದು ಉದ್ದೇಶ ನಮೂದಾಗಲಿ. ಅದಕ್ಕೂ ಮೊದಲು ಬಳಕೆ ಮತ್ತು ನಿರ್ವಹಣೆಯ ಒಪ್ಪಂದದ ಕರಡು ಪಂಚಾಯತು ಸಮಿತಿಯಲ್ಲಿ ತೀರ್ಮಾನವಾಗಿ ನಿರ್ಣಯದ ನಂಬರು ಬೀಳಲಿ: ಬೆಳಗ್ಗೆ ಸಂಜೆ ಅಭ್ಯಾಸ ಯಾರಿಗೆ, ವರ್ಷಕ್ಕೆ ಎಷ್ಟು ದಿನ ಪಂಚಾಯತಿನ ಕಾರ್ಯಕ್ರಮಕ್ಕೆ, ಕರೆಂಟು ಬಿಲ್ಲು ಯಾರು ಕಟ್ಟುವುದು, ಮದುವೆಗೆ ಬಾಡಿಗೆಗೆ ಕೊಡಬಹುದೋ ಇಲ್ಲವೋ. ಕೊನೆಯದನ್ನು ಬಿಡಬೇಡಿ. ಒಂದು ಶಾಮಿಯಾನದ ಗೂಟ ಅಂಕಣದ ಮೇಲ್ಮೈಯನ್ನು ಒಂದೇ ದಿನದಲ್ಲಿ ಹಾಳುಮಾಡುತ್ತದೆ.

ಜಾಗದ ಜೊತೆಗೆ ಕ್ಲಬ್ಬಿನ ಸ್ವಂತ ಕಾಗದ. ಗಡಿಯಲ್ಲಿರುವ ನಮಗೆ ಇಲ್ಲಿ ಒಂದು ತಾಪತ್ರಯ ಇದೆ. ಮಂಗಳೂರಿನ ಸಂಘದ ಬೈಲಾವನ್ನು ತಂದು ಹೆಸರು ಬದಲಿಸಿ ಬಳಸುವವರಿದ್ದಾರೆ. ಅದರಲ್ಲಿ ಕರ್ನಾಟಕದ 1960ರ ಕಾಯ್ದೆ ಎಂದಿರುತ್ತದೆ. ತಿರುವನಂತಪುರದ ಕಡೆಯ ಮಾದರಿ ತಂದರೆ ಅದರಲ್ಲಿ ತಿರುವಿದಾಂಕೂರು-ಕೊಚ್ಚಿಯ 1955ರ ಕಾಯ್ದೆ. ನಮ್ಮದು ಹಳೆಯ ಮದ್ರಾಸು ಪ್ರಾಂತ್ಯದ ಭಾಗ, ಮಲಬಾರು ಪ್ರದೇಶದ ಹಾಗೆ ಇಲ್ಲಿಗೂ 1860ರ ಸೊಸೈಟಿ ನೋಂದಣಿ ಕಾಯ್ದೆ. ಕಡಿಮೆಯೆಂದರೆ ಏಳು ಮಂದಿ, ನೋಂದಣಿ ಜಿಲ್ಲಾ ರಿಜಿಸ್ಟ್ರಾರ್ ಕಚೇರಿಯಲ್ಲಿ. ವಾರ್ಷಿಕ ಮಹಾಸಭೆ ಆಗಿ ಹದಿನಾಲ್ಕು ದಿನದೊಳಗೆ ಹೊಸ ಪದಾಧಿಕಾರಿಗಳ ಪಟ್ಟಿ ಅಲ್ಲಿಗೆ ಹೋಗಬೇಕು. ಪಟ್ಟಿ ಹೋಗದಿದ್ದರೆ ಬ್ಯಾಂಕಿನಲ್ಲಿ ಹಳೆಯ ಖಜಾಂಚಿಯ ಸಹಿಯೇ ನಡೆಯುತ್ತದೆ, ಆ ಖಜಾಂಚಿ ಕೆಲಸಕ್ಕೆ ಬೇರೆ ಊರು ಸೇರಿರುತ್ತಾರೆ. ಪ್ಯಾನ್ ಕಾರ್ಡು, ಬ್ಯಾಂಕ್ ಖಾತೆ ಎರಡೂ ಸಂಘದ ಹೆಸರಲ್ಲಿರಲಿ, ಅಧ್ಯಕ್ಷರ ಹೆಸರಲ್ಲಿ ಬೇಡ. ಮತ್ತು ಹೆಸರಿನ ಅಕ್ಷರ ಎಲ್ಲ ಕಡೆ ಒಂದೇ ಆಗಿರಲಿ. ನೋಂದಣಿಯಲ್ಲಿ ‘ಯುವಕ ಮಂಡಲ’, ಬ್ಯಾಂಕಿನಲ್ಲಿ ‘ಯುವಕ ಸಂಘ’ ಎಂದಿದ್ದರೆ ಹಣ ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ.

ಭಾಷೆಯ ಬಗ್ಗೆಯೂ ಒಂದು ಮಾತು. ಕನ್ನಡದಲ್ಲಿ ಅರ್ಜಿ ಕೊಟ್ಟು ಕನ್ನಡದಲ್ಲಿ ಉತ್ತರ ಪಡೆಯುವ ಅವಕಾಶವನ್ನು ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಲ್ಲಿ 1969ರ ಆಡಳಿತ ಭಾಷಾ ಕಾಯ್ದೆ ನಮಗೆ ಕೊಟ್ಟಿದೆ. ಅದನ್ನು ಬಿಡಬೇಡಿ, ಬಳಸಿ. ಕಡತ ಜಿಲ್ಲೆ ದಾಟಿ ಹೋಗುವುದಿದ್ದರೆ ಮಲಯಾಳದ ಒಂದು ಪ್ರತಿ ಜೊತೆಗಿಡಿ. ಹಕ್ಕು ಬಿಟ್ಟುಕೊಟ್ಟ ಹಾಗಲ್ಲ, ಕಡತ ಅನುವಾದಕ್ಕಾಗಿ ಒಂದು ಮೇಜಿನಲ್ಲಿ ಕಾಯುವುದು ತಪ್ಪುತ್ತದೆ.

ಇನ್ನು ಹಣ ಎಲ್ಲಿದೆ ಎಂಬುದು. ‘ಒಂದು ಪಂಚಾಯತು ಒಂದು ಮೈದಾನ’ ಯೋಜನೆಯಲ್ಲಿ ಮೈದಾನವೊಂದಕ್ಕೆ ಒಂದು ಕೋಟಿ. ಅದರಲ್ಲಿ 50 ಲಕ್ಷ ಕ್ರೀಡಾ ಇಲಾಖೆಯದು, ಉಳಿದದ್ದು ಶಾಸಕರ ನಿಧಿ, ಸ್ಥಳೀಯಾಡಳಿತ, ಕಂಪೆನಿಗಳ ಸಮಾಜಸೇವೆಯ ಪಾಲಾದ ಸಿಎಸ್‌ಆರ್ ಹೀಗೆ ಒಟ್ಟುಗೂಡಬೇಕು. ಅಲ್ಲಿಯೂ ಮೊದಲ ಪ್ರಶ್ನೆ ಜಾಗದ್ದೇ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ. ದೊಡ್ಡದೆಂದು ಕಾಣುತ್ತದೆ, ನಮ್ಮ ಲೋಕಸಭಾ ಕ್ಷೇತ್ರದಲ್ಲಿ ಏಳು ವಿಧಾನಸಭಾ ಕ್ಷೇತ್ರಗಳಿವೆ, ಸಮ ಹಂಚಿದರೆ ಒಂದಕ್ಕೆ 72 ಲಕ್ಷವೂ ಬರುವುದಿಲ್ಲ. ಅದರಲ್ಲಿ ರಸ್ತೆ, ಶಾಲೆ, ಹೈಮಾಸ್ಟ್ ದೀಪ ಎಲ್ಲ ಆಗಬೇಕು. ಹಾಗಾಗಿ ಪೂರ್ತಿ ಮೈದಾನ ಕೇಳಬೇಡಿ, ಒಂದು ಬಿಡಿ ಕೆಲಸ ಕೇಳಿ: ತಡೆಗೋಡೆ, ಅಥವಾ ಬೇಲಿ, ಅಥವಾ ದೀಪ. ಖೇಲೋ ಇಂಡಿಯಾ ಕೇಂದ್ರಕ್ಕೆ ಆರಂಭದಲ್ಲಿ 5 ಲಕ್ಷ, ಮತ್ತೆ ವರ್ಷಕ್ಕೆ 5 ಲಕ್ಷ ಎಂಬ ಲೆಕ್ಕ ಇದೆ, ಅದು ಮುಖ್ಯವಾಗಿ ತರಬೇತಿಗೆ. ಅದರಿಂದ ಮೈದಾನ ಕಟ್ಟುವ ಆಸೆ ಬೇಡ. ಚೆಂಡು, ನೆಟ್ಟು, ಜೆರ್ಸಿಯಂಥ ಸಣ್ಣ ಸಾಮಗ್ರಿಗೆ ಯುವಜನ ಕ್ಷೇಮ ಮಂಡಳಿ ಮತ್ತು ಮೇರಾ ಯುವ ಭಾರತ್ ಕಚೇರಿಗಳಲ್ಲಿ ಹೆಸರು ನೋಂದಾಯಿಸಿ. ಯುವಜನರ ಕಲಾ-ಕ್ರೀಡಾ ಸ್ಪರ್ಧೆಯಾದ ಕೇರಳೋತ್ಸವಕ್ಕೆ ತಂಡ ಕಳಿಸಿದ ದಾಖಲೆ ಫೈಲಿನಲ್ಲಿರಲಿ. ಕ್ಲಬ್ಬು ಜೀವಂತ ಇದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಎಸ್ಟಿಮೇಟಿಗೆ ಬರೋಣ. ಇದನ್ನು ಇಂಜಿನಿಯರಿಗೆ ಬಿಟ್ಟು ಕೂರಬೇಡಿ. ವಾಲಿಬಾಲ್ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಸುತ್ತ 3 ಮೀಟರ್ ಖಾಲಿ ಬೇಕು. ಅಲ್ಲಿಗೆ 24 ಗುಣಿಸು 15, ಸುಮಾರು ಒಂಬತ್ತು ಸೆಂಟ್ಸ್. ಎಷ್ಟೋ ಕಡೆ ಬರೀ ಅಂಕಣಕ್ಕೆ ಕಾಂಕ್ರೀಟು ಹಾಕಿ ಸುತ್ತ ಮುರಕಲ್ಲಿನ ಚೂರು ಹಾಗೇ ಬಿಟ್ಟಿರುತ್ತಾರೆ, ಹಿಂದೆ ಓಡಿ ಚೆಂಡು ತೆಗೆಯುವವನ ಮೊಣಕಾಲು ಹೋಗುತ್ತದೆ. ಕಬಡ್ಡಿಗೂ ಇದೇ ಕಥೆ. ಪುರುಷರ ಅಂಕಣ 13 ಗುಣಿಸು 10 ಮೀಟರ್, ಆದ್ದರಿಂದ ಒಂದು ಮೀಟರಿನ ಚೌಕದ ಮ್ಯಾಟು 130 ಎಂದು ಬರೆಯುತ್ತಾರೆ. ಹಿಡಿತಕ್ಕೆ ಸಿಕ್ಕಿದವನು ಗೆರೆಯೊಳಗೇ ಬೀಳುತ್ತಾನೆಯೇ? ಸುತ್ತ ಎರಡು ಮೀಟರ್ ಸೇರಿಸಿದರೆ 17 ಗುಣಿಸು 14, ಮ್ಯಾಟು 238. ಹೆಚ್ಚುಕಡಿಮೆ ದುಪ್ಪಟ್ಟು. ಇದನ್ನು ಮೊದಲೇ ಬರೆಯದಿದ್ದರೆ ಆಮೇಲೆ ಕೇಳಿ ಪಡೆಯುವುದು ಕಷ್ಟ. ಮ್ಯಾಟಿನ ಜೊತೆ ಅದನ್ನಿಡುವ ಕೋಣೆಯನ್ನೂ ಕೇಳಿ. ಬಿಸಿಲಲ್ಲಿ ಬಿಟ್ಟರೆ ಅಂಚು ಕುಗ್ಗಿ ಸಂದಿ ಬೀಳುತ್ತದೆ, ಆ ಸಂದಿಯಲ್ಲಿ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ. ಒದ್ದೆ ನೆಲದ ಮೇಲೆ ಹಾಸಿ ಬಿಟ್ಟರೆ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ.

ಆದರೆ ಈ ಜಿಲ್ಲೆಯಲ್ಲಿ ಮೈದಾನವನ್ನು ಹಾಳುಮಾಡುವುದು ನೀರು. ವರ್ಷಕ್ಕೆ ಮೂರೂವರೆ ಮೀಟರಿನ ಆಸುಪಾಸು ಮಳೆ. ನಮ್ಮ ಮೈದಾನಗಳು ಗುಡ್ಡದ ಒಂದು ಬದಿ ಕಡಿದು ಇನ್ನೊಂದು ಬದಿ ತುಂಬಿ ಮಾಡಿದವು. ತುಂಬಿದ ಮಣ್ಣನ್ನು ಲಾರಿಯಿಂದ ಒಮ್ಮೆಲೇ ಸುರಿದು ಮೇಲಿಂದ ಜೆಸಿಬಿ ಓಡಿಸಿದರೆ ಮೇಲ್ಪದರ ಮಾತ್ರ ಗಟ್ಟಿಯಾಗುತ್ತದೆ, ಒಳಗೆ ಪೊಳ್ಳು. ಮೊದಲ ಮಳೆಗಾಲಕ್ಕೆ ಆ ಭಾಗ ತಗ್ಗುತ್ತದೆ, ಕಡಿದ ಭಾಗ ಹಾಗೇ ಇರುತ್ತದೆ. ಎರಡರ ನಡುವೆ ಅಂಕಣ ಸೀಳುತ್ತದೆ. 15ರಿಂದ 20 ಸೆಂಟಿಮೀಟರಿನ ಪದರ ಹಾಕಿ, ನೀರು ಕೊಟ್ಟು, ರೋಲರು ಓಡಿಸಿ, ಆಮೇಲೆ ಮುಂದಿನ ಪದರ. ಗುಡ್ಡದ ಬದಿಗೆ ನೀರು ತಡೆದು ಹೊರಗೆ ಕಳಿಸುವ ಚರಂಡಿ. ತಡೆಗೋಡೆಗೆ ನೀರು ಹೊರಹೋಗುವ ಪೈಪಿನ ತೂತುಗಳು; ಅವಿಲ್ಲದಿದ್ದರೆ ಹಿಂದಿನ ಮಣ್ಣು ನೀರು ಕುಡಿದು ಗೋಡೆಯನ್ನೇ ನೂಕುತ್ತದೆ. ತೆರೆದ ವಾಲಿಬಾಲ್ ಅಂಕಣಕ್ಕೆ ಮೀಟರಿಗೆ 5 ಮಿಲಿಮೀಟರ್ ಇಳಿಜಾರು ಕೊಡಲು ನಿಯಮದಲ್ಲೇ ಅವಕಾಶ ಇದೆ. ಅಗಲ 9 ಮೀಟರಿಗೆ 45 ಮಿಲಿಮೀಟರ್, ಆಟಕ್ಕೆ ತೊಂದರೆಯಿಲ್ಲ, ನೀರು ನಿಲ್ಲುವುದಿಲ್ಲ. ಹಣ ಸಾಲದೆ ಬಂದಾಗ ಎಸ್ಟಿಮೇಟಿನಿಂದ ಮೊದಲು ಕತ್ತರಿಸುವುದು ಈ ಚರಂಡಿಯನ್ನೇ, ಯಾಕೆಂದರೆ ಉದ್ಘಾಟನೆಯ ಫೋಟೋದಲ್ಲಿ ಅದು ಕಾಣುವುದಿಲ್ಲ. ದಯವಿಟ್ಟು ಬಿಡಬೇಡಿ. ಗೇಟು ಬೇಡ ಎನ್ನಿ, ಗ್ಯಾಲರಿ ಬೇಡ ಎನ್ನಿ, ಚರಂಡಿ ಇರಲಿ.

ಅದಕ್ಕಾಗಿ ನನ್ನ ಸಲಹೆ ಇದು: ಬಹುವರ್ಷ ಯೋಜನೆಯಾಗಿ ಕೇಳಿ. ಮೊದಲ ವರ್ಷ ತಡೆಗೋಡೆ, ಚರಂಡಿ, ಮಣ್ಣು ತುಂಬುವುದು. ಒಂದು ಮಳೆಗಾಲ ಪೂರ್ತಿ ಅದರ ಮೇಲೆ ಬೀಳಲಿ. ಎಲ್ಲಿ ತಗ್ಗುತ್ತದೆ, ಎಲ್ಲಿ ನೀರು ನಿಲ್ಲುತ್ತದೆ ಎಂದು ಕಣ್ಣಾರೆ ಗೊತ್ತಾಗುತ್ತದೆ. ಅಕ್ಟೋಬರ್ ಕಳೆದ ಮೇಲೆ ಸರಿಪಡಿಸಿ ಎರಡನೇ ವರ್ಷದ ಹಣದಲ್ಲಿ ಮೇಲ್ಮೈ ಮಾಡಿ. ಒಂದೇ ವರ್ಷದಲ್ಲಿ ಮುಗಿಸಲು ಹೊರಟರೆ ತಾಂತ್ರಿಕ ಮಂಜೂರಾತಿ, ಟೆಂಡರು, ಕರಾರು ಎಲ್ಲ ಮುಗಿದು ಕೆಲಸ ಶುರುವಾಗುವುದು ಫೆಬ್ರವರಿಯಲ್ಲಿ. ಮಾರ್ಚ್ ಕೊನೆಗೆ ಟ್ರೆಜರಿಯಲ್ಲಿ ಬಿಲ್ಲು ಪಾಸಾಗಬೇಕೆಂದು ಗುತ್ತಿಗೆದಾರರು ಓಡುತ್ತಾರೆ, ಕಾಂಕ್ರೀಟಿಗೆ ಸರಿಯಾಗಿ ನೀರು ಬಿಡಲು ಏಳು ದಿನವೂ ಸಿಗುವುದಿಲ್ಲ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಲೆಕ್ಕಪತ್ರದ ಬಗ್ಗೆ ಅರ್ಧ ಗಂಟೆ ಬೇಕಿತ್ತು, ಎರಡು ಮಾತಿನಲ್ಲಿ ಹೇಳುತ್ತೇನೆ. ಅನುದಾನಕ್ಕೆ ಬೇರೆ ಬ್ಯಾಂಕ್ ಖಾತೆ ಇಡಿ, ಪಂದ್ಯಾಟದ ಹಣ ಅದಕ್ಕೆ ಬೆರೆಸಬೇಡಿ. ಕೇಂದ್ರದ ಅನುದಾನವಾದರೆ ಬಳಕೆ ಪ್ರಮಾಣಪತ್ರ ಫಾರಂ 12-ಎಯಲ್ಲಿ, ಆರ್ಥಿಕ ವರ್ಷ ಮುಗಿದು ಹನ್ನೆರಡು ತಿಂಗಳೊಳಗೆ. ಅದು ಬಾಕಿಯಿದ್ದರೆ ಮುಂದಿನ ಕಂತು ಬರುವುದಿಲ್ಲ. ಖಾತೆಯಲ್ಲಿ ಬಂದ ಬಡ್ಡಿಯೂ ಸರಕಾರದ್ದು. ಸ್ಟಾಕ್ ರಿಜಿಸ್ಟರಿನಲ್ಲಿ ಹರಿದ ನೆಟ್ಟಿಗೂ ಒಂದು ಸಾಲು ಇರಲಿ, ಆಡಿಟಿನವರು ಕೇಳುವುದು ‘ಎಲ್ಲಿದೆ’ ಎಂದು. ದೀಪದ ಕರೆಂಟು ಸಂಪರ್ಕ ಯಾರ ಹೆಸರಲ್ಲಿ ಎಂಬುದನ್ನು ಒಪ್ಪಂದದಲ್ಲೇ ಬರೆಯಿರಿ. ಹೆಣ್ಣುಮಕ್ಕಳ ಅಭ್ಯಾಸದ ಹೊತ್ತು, ಬಟ್ಟೆ ಬದಲಾಯಿಸುವ ಕೋಣೆ, ಶೌಚಾಲಯ ಇವು ಮೊದಲ ಎಸ್ಟಿಮೇಟಿನಲ್ಲೇ ಇರಬೇಕು, ‘ಮುಂದೆ ನೋಡೋಣ’ ಎಂಬ ಪಟ್ಟಿಯಲ್ಲಿ ಅಲ್ಲ.

ಒಂದು ಚೀಟಿ ಬಂದಿದೆ. ‘ಶಾಲೆಯ ಮೈದಾನವನ್ನೇ ಅಭಿವೃದ್ಧಿಪಡಿಸಲು ಕೇಳಬಹುದೇ?’ ಸರಕಾರಿ ಶಾಲೆಯಾದರೆ ಖಂಡಿತ ಕೇಳಬಹುದು, ಜಾಗದ ತಕರಾರು ಅಲ್ಲಿ ಎಷ್ಟೋ ಕಡಿಮೆ. ಅನುದಾನಿತ ಶಾಲೆಯಾದರೆ ಜಾಗ ಮ್ಯಾನೇಜರರದ್ದು, ಮೊದಲು ಅವರ ಒಪ್ಪಿಗೆ ಬರಹದಲ್ಲಿ ಬೇಕು. ಎರಡರಲ್ಲೂ ಶಿಕ್ಷಕ-ರಕ್ಷಕ ಸಂಘದ (ಪಿಟಿಎ) ಸಭೆಯ ನಡಾವಳಿ ತೆಗೆದುಕೊಳ್ಳಿ, ಶಾಲಾ ಸಮಯದ ನಂತರ ಮತ್ತು ರಜಾದಿನ ಊರವರಿಗೆ ಬಳಕೆ ಎಂದು ಅದರಲ್ಲಿ ದಾಖಲಾಗಲಿ. ಆ ನಡಾವಳಿಯ ನಕಲನ್ನು ಗ್ರಾಮಸಭೆಯ ದಿನವೇ ವಾರ್ಡು ಮೆಂಬರ ಕೈಗೆ ಕೊಡಿ.