ಗೋರುಕನ ಹಾಡಿನೊಳಗಿನ ಕಾಡು

ಕೇಳುಗರೇ, ನಮಸ್ಕಾರ.

‘ಗೋರು ಗೋರುಕ ಗೋರುಕನ’ ಹಾಡನ್ನು ನೀವೂ ಎಲ್ಲೋ ಒಮ್ಮೆ ಕೇಳಿರುತ್ತೀರಿ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿರುವ ಸೋಲಿಗ ಬುಡಕಟ್ಟು ಜನರ ಹಾಡು ಅದು. ಹೊಸ ರಾಗಿ ಮನೆಗೆ ಬಂದ ಮೇಲೆ ಪೋಡುಗಳಲ್ಲಿ, ಅಂದರೆ ಅವರ ಹಾಡಿಗಳಲ್ಲಿ, ರೊಟ್ಟಿ ಹಬ್ಬ ಮಾಡುತ್ತಾರೆ. ರೊಟ್ಟಿಯನ್ನು ದೇವರಿಗೆ ಎಡೆ ಇಟ್ಟು, ಸುತ್ತುಗಟ್ಟಿ ಕುಣಿಯುತ್ತಾರೆ. ಹಾಡಿನಲ್ಲಿ ಕಾಡಿನ ಪ್ರಾಣಿ, ಹಕ್ಕಿಗಳು ಬರುತ್ತವೆ.

ಒಂದು ಸಮಾರಂಭದಲ್ಲಿ ಈ ಕುಣಿತ ನೋಡಿದ್ದೆ. ‘ಬೇಗ ಮುಗಿಸಿ, ಮುಂದೆ ಭಾಷಣ ಇದೆ’ ಅಂತ ನಿರೂಪಕರು ಅವಸರ ಮಾಡಿದರು. ನಾವೂ ಚಪ್ಪಾಳೆ ತಟ್ಟಿ ಸುಮ್ನೆ ಕೂತೆವು. ಹಾಡಿನಲ್ಲಿ ಯಾವ ಹಕ್ಕಿ ಬಂತು ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ ಬಿಡಿ.

ಆದರೆ ಸೋಲಿಗರಿಗೆ ಅದು ಬರೀ ಹೆಸರಲ್ಲ. ಹೆಜ್ಜೇನು, ತುಡುವೆ, ಕಡ್ಡಿಜೇನು, ನಸರಿ, ಯಾವುದು ಎಲ್ಲಿ ಗೂಡು ಕಟ್ಟುತ್ತದೆ ಅನ್ನೋದು ಅವರಿಗೆ ಗೊತ್ತು. ಜೇನು ಕಿತ್ತಾಗ ಹುಲಿಗೂ ನೆಲದ ಮೇಲೆ ಒಂದು ಪಾಲು ಬಿಡುತ್ತೇವೆ ಎನ್ನುವ ಸೋಲಿಗರಿದ್ದಾರೆ. ಹುಲಿಗೆ ಜೇನು ಕೀಳೋಕೆ ಬರಲ್ಲ ಅಲ್ವಾ! ಕಾಡಿನಲ್ಲಿ ಅವರ ಎಲ್ಲೆಗಳಿವೆ, ಅಂದರೆ ಒಂದೊಂದು ಕುಲಕ್ಕೆ ಸೇರಿದ ಜಾಗಗಳು. ದೇವರ ಗುಡಿ, ಮಾರಮ್ಮ, ವೀರರ ಕಲ್ಲು, ಹಿರಿಯರನ್ನು ಹೂಳಿದ ಕಲ್ಲುಗುಡಿ, ನೀರಿನ ಅಬ್ಬಿ ಎಲ್ಲವೂ ಒಂದೊಂದು ಎಲ್ಲೆಯೊಳಗೇ ಸಿಗುತ್ತವೆ.

ನನ್ನನ್ನು ಜಾಸ್ತಿ ಕಾಡುವುದು ಬೆಂಕಿಯ ವಿಚಾರ. ಬೇಸಿಗೆ ಬಲಿಯುವ ಮೊದಲೇ ಅವರು ಒಣಗಿದ ಎಲೆಗಳಿಗೆ ಸಣ್ಣಗೆ ಬೆಂಕಿ ಕೊಡುತ್ತಿದ್ದರು. ತರಗು ಬೆಂಕಿ ಅಂತಾರೆ. ಎಲೆ ಸುಡುತ್ತದೆ, ಮರ ಉಳಿಯುತ್ತದೆ. ನೆಲ್ಲಿ ಮರಕ್ಕೆ ಹತ್ತಿಕೊಂಡು ಅದರ ಸಾರ ಹೀರುವ ಬದನಿಕೆ ಹಬ್ಬದಂತೆ ತಡೆಯುತ್ತಿದ್ದದ್ದು ಈ ಬೆಂಕಿಯೇ ಅನ್ನೋದು ಅವರ ಮಾತು. ಬದನಿಕೆಯನ್ನು ಅವರು ಉಪ್ಪಿಲು ಅಂತಾರೆ.

1974ರಲ್ಲಿ ಆ ಕಾಡು ಅಭಯಾರಣ್ಯ ಆಯಿತು. ತರಗು ಬೆಂಕಿ ಹಾಕುವುದು ನಿಂತಿತು. ಬದನಿಕೆ ಹೆಚ್ಚಾಯಿತು, ಹೊರಗಿನಿಂದ ಬಂದ ಪೊದೆಗಿಡ ಲಂಟಾನ ನುಗ್ಗಿತು. 1997ರಿಂದ 2008ರ ಹೊತ್ತಿಗೆ ಲಂಟಾನ ಇರುವ ಜಾಗ ಸುಮಾರು ಎರಡರಷ್ಟಾಗಿತ್ತು. ಬೆಂಕಿ ನಿಂತದ್ದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಲಂಟಾನ ಬಂದ ಕಡೆ ಹುಲ್ಲಿಗೆ ಜಾಗ ಇಲ್ಲ. ಹುಲ್ಲಿಲ್ಲದೆ ಕಡವೆ ಏನು ತಿನ್ನಬೇಕು?

2011ರಲ್ಲಿ ಅಲ್ಲಿನ ಗ್ರಾಮಸಭೆಗಳಿಗೆ ಜೇನು, ನೆಲ್ಲಿ ತರುವ ಸಮುದಾಯದ ಹಕ್ಕು ಸಿಕ್ಕಿತು. ಅದೇ ವರ್ಷ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಯಿತು.

ಆ ಬೆಟ್ಟಕ್ಕೆ ಹೋದರೆ ರಸ್ತೆ ಪಕ್ಕ ಬಣ್ಣಬಣ್ಣದ ಪುಟ್ಟ ಹೂಗೊಂಚಲು ಕಾಣುತ್ತದೆ. ಅದೇ ಲಂಟಾನ. ನೋಡೋಕೆ ಚೆಂದವೇ. ಅದರ ಹಿಂದೆ ನೆಲ್ಲಿ ಮರ ಇದೆಯಾ ಅಂತ ಮಾತ್ರ ಕತ್ತೆತ್ತಿ ಹುಡುಕಬೇಕು.

ನಮಸ್ಕಾರ.