ಸಂಚಾರಿ ಚಿಕಿತ್ಸಾಲಯ ಮತ್ತೆ ಬರುತ್ತದೆಯೇ?

ಸಭಿಕರೇ,

ಸಂಚಾರಿ ಚಿಕಿತ್ಸಾಲಯ ಎಂದೊಡನೆ ಬಿಳಿಯ ವ್ಯಾನು, ಅದರ ಮುಂದೆ ಮಕ್ಕಳನ್ನೆತ್ತಿಕೊಂಡು ಸಾಲು ನಿಂತ ತಾಯಂದಿರು ಕಣ್ಣಿಗೆ ಕಟ್ಟುತ್ತಾರೆ. ದಾನಿಗಳಿಗೆ ಈ ಚಿತ್ರ ಬಹಳ ಪ್ರಿಯ. ಆದರೆ ಇಂದು ನಾನು ಹೇಳಬೇಕೆಂದಿರುವುದು ಆ ವ್ಯಾನು ಹೊರಟುಹೋದ ಮೇಲಿನ ದಿನಗಳ ಬಗ್ಗೆ.

2023ರ ಕೊನೆಯ ವೇಳೆಗೆ ಸಂಘರ್ಷ ಮತ್ತು ಹಿಂಸೆಯಿಂದ ತಮ್ಮದೇ ದೇಶದೊಳಗೆ ನೆಲೆ ಕಳೆದುಕೊಂಡವರು ಸುಮಾರು 6.8 ಕೋಟಿ ಜನ. ಇಂಥವರಲ್ಲಿ ಬಹಳಷ್ಟು ಮಂದಿ ಶಿಬಿರಗಳಿಗೆ ಹೋಗುವುದಿಲ್ಲ. ನೆಂಟರ ಮನೆ, ಅರ್ಧಕ್ಕೆ ನಿಂತ ಕಟ್ಟಡ, ಶಾಲೆಯ ಕೊಠಡಿ, ಎಲ್ಲಿ ಸೂರು ಸಿಕ್ಕಿತೋ ಅಲ್ಲಿ ಉಳಿಯುತ್ತಾರೆ. ಶಿಬಿರವಾದರೆ ಅಲ್ಲೇ ಒಂದು ಆಸ್ಪತ್ರೆ ತೆರೆಯಬಹುದು. ಚದುರಿದವರಿಗೆ ಎಲ್ಲಿ ತೆರೆಯುವುದು? ಅದಕ್ಕೇ ವ್ಯಾನು ಅವರಿದ್ದಲ್ಲಿಗೇ ಹೋಗುತ್ತದೆ.

ಭೇದಿ, ಜ್ವರ, ಚರ್ಮರೋಗ, ಗಾಯಗಳಿಗೆ ಒಂದು ಭೇಟಿಯ ಚಿಕಿತ್ಸೆ ಎಷ್ಟೋ ಸಲ ಸಾಕಾಗುತ್ತದೆ. ತೊಡಕಿರುವುದು ಉಳಿದ ಕಾಯಿಲೆಗಳಲ್ಲಿ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಗುವಿನ ತೋಳಿಗೆ ಬಣ್ಣದ ಅಳತೆಪಟ್ಟಿ ಸುತ್ತುತ್ತಾರೆ. ಸುತ್ತಳತೆ 115 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ. ಶೇಂಗಾದಿಂದ ಮಾಡಿದ ಪೌಷ್ಟಿಕ ಪೇಸ್ಟಿನ ಪೊಟ್ಟಣಗಳನ್ನು ಕೊಡುತ್ತಾರೆ. ಆ ಮಗು ಚೇತರಿಸಿಕೊಳ್ಳಲು ವಾರಗಟ್ಟಲೆ ಬೇಕು. ವ್ಯಾನು ಮತ್ತೆ ಬಾರದಿದ್ದರೆ ಪೊಟ್ಟಣ ಮುಗಿದಲ್ಲಿಗೆ ಚಿಕಿತ್ಸೆಯೂ ಮುಗಿಯಿತು. ಇನ್ಸುಲಿನ್ ತೆಗೆದುಕೊಳ್ಳುವ ವೃದ್ಧರ ಪಾಡೂ ಇದೇ. ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ಔಷಧ ನುಂಗಬೇಕಾದ ಕ್ಷಯರೋಗಿಗಳದೂ ಇದೇ. ಇನ್ನು ಹೆರಿಗೆ ನೋವಂತೂ ವ್ಯಾನಿನ ವೇಳಾಪಟ್ಟಿ ನೋಡಿಕೊಂಡು ಬರುವುದಿಲ್ಲ. ಕರ್ಫ್ಯೂ ಇರುವ ರಾತ್ರಿ ಆ ಹೆಣ್ಣುಮಗಳನ್ನು ದೊಡ್ಡ ಆಸ್ಪತ್ರೆಗೆ ಯಾರು ಸಾಗಿಸುತ್ತಾರೆ ಎಂಬುದನ್ನು ಮೊದಲೇ ಗೊತ್ತುಮಾಡದ ತಂಡ ಅರ್ಧ ಕೆಲಸವನ್ನಷ್ಟೇ ಮಾಡಿದೆ ಎನ್ನುತ್ತೇನೆ.

1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಓಡಿಬಂದ ನಿರಾಶ್ರಿತರ ನಡುವೆ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು. ನರಕ್ಕೆ ಕೊಡುವ ಸಲೈನ್ ಸಾಲದೆ ಹೋಯಿತು. ಡಾ. ದಿಲೀಪ್ ಮಹಲನಬಿಸ್ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಸುಮಾರು ಶೇಕಡಾ 30ರಷ್ಟಿದ್ದ ಸಾವಿನ ಪ್ರಮಾಣ 4ಕ್ಕಿಂತ ಕೆಳಗಿಳಿಯಿತು. ಓಆರ್‌ಎಸ್ ಎನ್ನುವ ಈ ನೀರಿನ ಕೀರ್ತಿ ಎಲ್ಲರಿಗೂ ಗೊತ್ತು. ನನಗೆ ಅಷ್ಟೇ ದೊಡ್ಡದಾಗಿ ಕಾಣುವುದು ಲೋಟ ಹಿಡಿದವರು ಯಾರು ಎಂಬ ಸಂಗತಿ. ನೆಲೆ ತಪ್ಪಿದವರಲ್ಲೇ ಒಬ್ಬರಿಗೆ ತೋಳು ಅಳೆಯಲು, ಅಪಾಯದ ಲಕ್ಷಣ ಗುರುತಿಸಲು ಕಲಿಸಿದರೆ ವ್ಯಾನಿಲ್ಲದ ದಿನಗಳಲ್ಲೂ ಚಿಕಿತ್ಸೆ ನಡೆಯುತ್ತದೆ.

ರೋಗಿಯ ಕೈಯಲ್ಲೇ ಒಂದು ಚೀಟಿಯೂ ಇರಬೇಕು. ಮುಂದಿನ ಊರಿನ ವೈದ್ಯರಿಗೆ ಅದೇ ದಾರಿ ತೋರಿಸುವುದು. ಆದರೆ ಹೆಸರು ಮತ್ತು ಹುಟ್ಟೂರಿನಿಂದಲೇ ಯಾವ ಪಂಗಡದವರೆಂದು ತಿಳಿಯುವ ಕಡೆ ಅದೇ ಚೀಟಿ ತಪಾಸಣಾ ಠಾಣೆಯಲ್ಲಿ ಪ್ರಾಣಕ್ಕೆ ಮುಳುವಾದೀತು. ಕಾಯಿಲೆ ಮತ್ತು ಔಷಧ ಬರೆದರೆ ಸಾಕು.

ವ್ಯಾನು ನಿಗದಿತ ದಿನ ತಪ್ಪದೆ ಬರಬೇಕು ಎಂದು ಇಷ್ಟು ಹೊತ್ತು ವಾದಿಸಿದೆ. ಯುದ್ಧಭೂಮಿಯಲ್ಲಿ ಈ ಖಚಿತತೆಯೇ ಅಪಾಯ. ಇಂತಹ ದಿನ ಇಂತಹ ಕಡೆ ಜನ ಸೇರುತ್ತಾರೆಂಬುದು ಬಂದೂಕು ಹಿಡಿದವರಿಗೂ ತಿಳಿಯುತ್ತದೆ. ಯುದ್ಧಕಾಲದ ನಿಯಮಗಳಾದ 1949ರ ಜಿನೀವಾ ಒಪ್ಪಂದಗಳು ವೈದ್ಯಕೀಯ ಸೇವೆಗೆ ರಕ್ಷಣೆ ಕೊಟ್ಟಿವೆ; 2016ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 2286ನೆಯ ನಿರ್ಣಯ ಅದನ್ನೇ ಮತ್ತೆ ಒತ್ತಿ ಹೇಳಿತು. ಅದಕ್ಕೆ ಹಿಂದಿನ ವರ್ಷವಷ್ಟೇ ಅಫ್ಘಾನಿಸ್ತಾನದ ಕುಂದುಜ್‌ನಲ್ಲಿ ಅಮೆರಿಕದ ವಾಯುದಾಳಿಗೆ ಸಿಕ್ಕ ಆಸ್ಪತ್ರೆಯೊಂದರಲ್ಲಿ 42 ಜನ ಸತ್ತಿದ್ದರು. ಆಸ್ಪತ್ರೆ ಎಲ್ಲಿದೆ ಎಂಬ ವಿವರವನ್ನು ಸೇನೆಗಳಿಗೆ ಮೊದಲೇ ಕೊಡಲಾಗಿತ್ತು. ಹಾಗಾಗಿ ದಿನವನ್ನು ಉಳಿಸಿಕೊಂಡು ಜಾಗ ಬದಲಿಸುವುದೋ, ಜಾಗ ಉಳಿಸಿಕೊಂಡು ದಿನ ಬದಲಿಸುವುದೋ ಎಂಬುದನ್ನು ಸ್ಥಳೀಯರನ್ನು ಕೇಳಿಯೇ ತೀರ್ಮಾನಿಸಬೇಕು. ದೂರದ ರಾಜಧಾನಿಯ ಕಚೇರಿಯಿಂದ ಅದು ಆಗದ ಕೆಲಸ.

ಕೊನೆಗೆ ಖರ್ಚಿನ ಮಾತು. ಡೀಸೆಲ್, ಕಾಯುವಿಕೆ, ರಸ್ತೆಯಲ್ಲೇ ಕಳೆಯುವ ಗಂಟೆಗಳನ್ನು ಲೆಕ್ಕ ಹಾಕಿದರೆ ಸಂಚಾರಿ ಚಿಕಿತ್ಸಾಲಯ ದುಬಾರಿ. ಹತ್ತಿರದ ಆರೋಗ್ಯ ಕೇಂದ್ರ ತೆರೆದಿದ್ದು, ದಾರಿಯೂ ಸುರಕ್ಷಿತವಾಗಿದ್ದರೆ ಕುಟುಂಬಗಳಿಗೆ ಬಸ್ ಚಾರ್ಜು ಕೊಟ್ಟು ಅಲ್ಲಿಗೆ ಕಳಿಸುವುದೇ ಮೇಲು. ಅದರ ಫೋಟೊ ಅಷ್ಟು ಚೆನ್ನಾಗಿ ಬರುವುದಿಲ್ಲ, ನಿಜ. ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಬಹುದು.